ಜಿಗಣೀಲಿ ಚಿತ್ರ ಸೊಟ್ಟಗಾದ ದಿನ

ಹೋದ್ ವರ್ಷ ಬೇಸಿಗೇಲಿ ನಾನು ಬಾಡಿಗೆ ಪ್ರೊಜೆಕ್ಟರ್ ಅಂಗಡೀಲಿ ಸೆಟಪ್ ಕೆಲಸಕ್ಕಿದ್ದೆ. ಟಿಫಿನ್ ಡಬ್ಬಿಯಷ್ಟು ಮಿಷನ್ನು. ಬೈಕಲ್ಲಿ ತಗೊಂಡ್ ಹೋಗೋದು, ಸ್ಕೂಲಲ್ಲೋ ಫ್ಯಾಕ್ಟರೀಲೋ ಗೋಡೆ ಮೇಲೆ ಚಿತ್ರ ಬೀಳ್ಸೋದು, ಮುಗಿದ್ಮೇಲೆ ವಾಪಸ್ ತರೋದು. ನಾನು ಓದಿದ್ದು ಎಂಟ್ನೇ ಕ್ಲಾಸು, ಈ ಕೆಲಸಕ್ಕೆ ಅದು ಸಾಕು.

ಆವತ್ತು ಜಿಗಣೀಲಿ ಒಂದ್ ಫ್ಯಾಕ್ಟರಿ. ಹೊಸದಾಗಿ ಸೇರಿದೋರಿಗೆ ಸೇಫ್ಟಿ ಟ್ರೈನಿಂಗ್. ರೂಮು ಅಂದ್ರೆ ಕಾಂಪೌಂಡ್ ಗೋಡೆಗೆ ಆನಿಸಿ ಶೀಟ್ ಹಾಕಿದ್ ಶೆಡ್ಡು. ಗೋಡೆ ಆಚೆ ಪಕ್ಕದ್ ಸೈಟಲ್ಲಿ ಬೇಸ್‌ಮೆಂಟ್‌ಗೆ ಮಣ್ಣು ತೆಗೀತಿದ್ರು. ಶಬ್ದ ಜಾಸ್ತಿ ಅಂತ ಟ್ರೈನಿಂಗ್ ಮೇಡಂ ಬಾಗಿಲು ಹಾಕ್ಸಿದ್ರು.

ಹಗಲಲ್ಲಿ ಚಿಕ್ಕ ಪ್ರೊಜೆಕ್ಟರ್ ಹಾಕ್ಬೇಕಂದ್ರೆ ಮೊದ್ಲು ಬೆಳಕು ಮುಚ್ಬೇಕು. ಗೋಡೆಗೂ ಶೀಟಿಗೂ ಮಧ್ಯೆ ಸಂದಿ ಇತ್ತು. ಏಣಿ ಹತ್ತಿ, ರಟ್ಟು ಮಡಚಿ ಗಟ್ಟಿಯಾಗಿ ತುರುಕ್ದೆ. ಗೋಡೇಲಿ ಬಿಳಿ ಚೌಕ ಬಳಿದು ಸುತ್ತ ಕಪ್ಪು ಗೆರೆ ಎಳೆದಿದ್ರು, ಚಿತ್ರ ಅದ್ರೊಳಗೆ ಕರೆಕ್ಟಾಗಿ ಕೂರಿಸ್ದೆ. ಟೇಬಲ್ ಕಾಲಿನ ಸುತ್ತ ನೆಲಕ್ಕೆ ಟೇಪ್ ಅಂಟಿಸ್ದೆ. ಯಾರಾದ್ರೂ ಒದ್ದು ಸರಿಸಿದ್ರೆ ಗೊತ್ತಾಗ್ಲಿ ಅಂತ.

ಜನ ನೆಲದ ಮೇಲೆ ಕೂತ್ರು. ಮುಂದೆ, ಗೋಡೆ ಬುಡದಲ್ಲೇ ಹೆಂಗಸ್ರು. ಅವರಲ್ಲಿ ಯಾದಗಿರಿ ಕಡೆಯ ನಿಂಗಮ್ಮ ಅನ್ನೋ ಅಕ್ಕಂದು ಬಾಯಿ ಜೋರು.

ಸ್ವಲ್ಪ ಹೊತ್ತಿಗೆ ಚಿತ್ರದ ಮೇಲಿನ ಅಂಚು ಕಪ್ಪು ಗೆರೆ ದಾಟ್ತು. ರಿಮೋಟಲ್ಲಿ ಸರಿ ಮಾಡ್ದೆ. ಮತ್ತೆ ದಾಟ್ತು. ಮೇಲಿನ ಅಕ್ಷರ ಮಂಜಾಯ್ತು. ಮೇಡಂ ಸಿಟ್ಟಾಗಿ, ಒಳ್ಳೆ ಮಿಷನ್ ತರೋಕಾಗಲ್ವಾ, ನಿಮ್ ಓನರ್‌ಗೆ ಫೋನ್ ಮಾಡ್ತೀನಿ ಅಂದ್ರು. ನಿಂಗಮ್ಮ ಹಿಂದೆ ತಿರುಗಿ, "ತಮ್ಮಾ, ನಿನ್ ಮಿಷನ್ ಕುಡದ್ ಬಂದೈತೇನು?" ಅಂದ್ಳು. ಎಲ್ರೂ ನಕ್ರು.

ಬಗ್ಗಿ ಟೇಬಲ್ ನೋಡ್ದೆ. ಕಾಲು ಟೇಪ್ ಒಳಗೇ ಇದೆ, ಕೂದಲೆಳೆಯಷ್ಟೂ ಸರಿದಿಲ್ಲ. ಅಷ್ಟರಲ್ಲಿ ನಿಂಗಮ್ಮನ ತಲೆ ಮೇಲೆ ಏನೋ ಬಿತ್ತು. ನಾನು ತುರುಕಿದ್ ರಟ್ಟು. ಅವ್ಳು ಅದನ್ನ ಎತ್ತಿ ತೋರಿಸಿ ಮತ್ತೆ ನಕ್ಳು. ಮೇಲೆ ನೋಡಿದ್ರೆ ಗೋಡೆ ಉದ್ದಕ್ಕೂ ಬಿಸಿಲಿನ ಪಟ್ಟಿ. ಅಷ್ಟು ಗಟ್ಟಿಯಾಗಿ ತುರುಕಿದ್ದು ತಾನಾಗೇ ಬಿತ್ತು ಅಂದ್ರೆ ಸಂದಿ ದೊಡ್ಡದಾಗಿದೆ. ಸರಿದಿದ್ದು ಮಿಷನ್ ಅಲ್ಲ, ಮಣ್ಣು ತೆಗೀತಿರೋ ಕಡೆಗೆ ಗೋಡೆ ವಾಲ್ತಿದೆ.

"ಮೇಡಂ, ಗೋಡೆ ಬೀಳತ್ತೆ. ಎಲ್ರನ್ನೂ ಆಚೆ ಕಳ್ಸಿ."

"ನಿನ್ ಮಿಷನ್ ಸರಿ ಇಲ್ಲ ಅಂದ್ರೆ ನಮ್ ಗೋಡೇನ ಬೈತೀಯಾ?"

ಯಾರೂ ಏಳ್ಲಿಲ್ಲ. ಬೆಂಕಿ ಬಿದ್ರೆ ಸಾಲಾಗಿ ಹೆಂಗೆ ಆಚೆ ಹೋಗ್ಬೇಕು ಅಂತ ಚಿತ್ರದಲ್ಲಿ ಬರ್ತಿತ್ತು, ಅದನ್ನೇ ನೋಡ್ತಾ ಕೂತಿದ್ರು. ನಾನು ಪ್ರೊಜೆಕ್ಟರ್ ವೈರ್ ಕಿತ್ತೆ. ಬಾಗಿಲು ಒದ್ದು ತೆಗೆದೆ. ಓಡಿ ಹೋಗಿ ನಿಂಗಮ್ಮನ ಕೈ ಹಿಡಿದು ಎಳೆದೆ.

"ಅಕ್ಕಾ, ಮೇಲ್ ನೋಡು."

ನೋಡಿದ್ಳು. ನಗು ನಿಂತೋಯ್ತು. ಏಳ್ರೇ, ಹೊರಗ ನಡೀರೇ ಅಂತ ಅವ್ಳು ಕೂಗಿದ್ಮೇಲೇ ಜನ ಎದ್ದಿದ್ದು.

ಕೊನೇಲಿ ಮೇಡಂ ಬಂದ್ರು, ಲ್ಯಾಪ್‌ಟಾಪ್ ಅಪ್ಪಿಕೊಂಡು. ಹೊಸ್ಲು ದಾಟಿ ಇನ್ನೂ ನನ್ನ ಬೈತಾನೇ ಇದ್ರು. ಅಷ್ಟರಲ್ಲಿ ಗೋಡೆ ಆಚೆ ಗುಂಡಿಗೆ ಜಾರ್ತು. ಗೋಡೆ ಹೊತ್ತಿದ್ ಶೀಟು, ಕಬ್ಬಿಣ ಎಲ್ಲ ಹೆಂಗಸ್ರು ಕೂತಿದ್ ಜಾಗಕ್ಕೇ ಬಿತ್ತು. ಗುಂಡೀಲಿ ಕೆಲಸ ಮಾಡ್ತಿದ್ದೋರು ಊಟಕ್ಕೆ ಎದ್ದು ಹೋಗಿದ್ರು, ಅದೊಂದ್ ಪುಣ್ಯ.

ಧೂಳು ಇಳೀತು. ಮೇಡಂ ನೆಲಕ್ಕೆ ಕೂತ್ಬಿಟ್ರು. ನಿಂಗಮ್ಮನ ಕೈಲಿ ಆ ರಟ್ಟು ಹಂಗೇ ಇತ್ತು. ಬಿಸಾಕು ಅಕ್ಕಾ ಅಂದೆ. ಅವ್ಳಿಗೆ ಬೆರಳು ಬಿಡ್ಸೋಕೇ ಆಗ್ಲಿಲ್ಲ.

ಪ್ರೊಜೆಕ್ಟರ್ ಅಪ್ಪಚ್ಚಿ. ಹೋಗ್ಲಿ.

ಈಗ ಚಿತ್ರ ಸೊಟ್ಟ ಆದ್ರೆ ಮೊದ್ಲು ಟೇಬಲ್ ಕಾಲು ನೋಡ್ತೀನಿ. ಅದು ಅಲುಗಿಲ್ಲ ಅಂದ್ರೆ ರಿಮೋಟ್ ಮುಟ್ಟಲ್ಲ, ಗೋಡೆ ನೋಡ್ತೀನಿ. ಶುರು ಮಾಡೋ ಮುಂಚೆ ಮುಂದಿನ ಸಾಲಿನೋರನ್ನ ಹಿಂದಕ್ಕೆ ಕೂರಿಸ್ತೀನಿ. ಯಾಕಪ್ಪಾ, ಇಲ್ಲಿಂದ ಚೆನ್ನಾಗ್ ಕಾಣತ್ತಲ್ಲ ಅಂತಾರೆ, ನಗ್ತಾರೆ. ನಗ್ಲಿ. ಅವರು ಸರಿಯೋವರೆಗೂ ನಾನು ಸ್ವಿಚ್ ಹಾಕಲ್ಲ.