ಆ ಇಂಜೆಕ್ಷನ್ ಅವಳಿಗೆ ಆಗಲ್ಲ

ಬೆಲ್ಲದ ಮಂಡಿಯವರ ಮನೆಗೆ ನನ್ನನ್ನು ಕೊಡುವಾಗ ನಮ್ಮಮ್ಮ ಖುಷಿಪಟ್ಟಿದ್ದು ಒಂದೇ ವಿಷಯಕ್ಕೆ: ಹುಡುಗನಿಗೆ ತಾಯಿ ಇಲ್ಲ, ಹಾಗಾಗಿ ಅತ್ತೆ ಕಾಟ ಇರಲ್ಲ. ಹುಡುಗನನ್ನು ಎತ್ತಿ ಸಾಕಿದ ಅಕ್ಕ ಅದೇ ಮನೆಯಲ್ಲಿದ್ದಾರೆ ಅನ್ನೋದನ್ನ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಾಲ್ಕು ಅತ್ತೆಯರನ್ನ ಸೇರಿಸಿ ಅರೆದು ಮಾಡಿದಂಥ ಹೆಂಗಸು. ನನಗೆ ಅತ್ತಿಗೆ ಆಗಬೇಕು. ಇವತ್ತಿಗೂ ಅವರ ಹೆಸರೆತ್ತಿದರೆ ನನಗೆ ಮೈ ಉರಿಯುತ್ತೆ, ಅದನ್ನ ಮುಚ್ಚಿಟ್ಟುಕೊಂಡು ಬರೆಯೋ ದೊಡ್ಡಸ್ತಿಕೆ ನನಗೆ ಬೇಕಾಗಿಲ್ಲ.

ಮಂಡಿ ಮೊಹಲ್ಲಾದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ತುಂಬ ಸೂರಿನವರೆಗೆ ಪೇರಿಸಿದ ಬೆಲ್ಲದ ಅಚ್ಚು, ಅದರ ಮೇಲೆ ನೊಣ, ಜೇನು, ಕಡಜ. ಬೇರೆಯವರ ಮನೆಯಲ್ಲಿ ಸೊಳ್ಳೆ ಕಚ್ಚುವಷ್ಟು ಸಲೀಸಾಗಿ ನಮ್ಮಲ್ಲಿ ಕಡಜ ಕಚ್ಚೋದು. ಒಂದು ಬೊಟ್ಟು ಸುಣ್ಣ ಹಚ್ಚಿಕೊಂಡು ಎಲ್ಲರೂ ಅವರವರ ಕೆಲಸ ನೋಡಿಕೊಳ್ಳೋರು. ನನಗೂ ಒಂದೆರಡು ಸಲ ಕಚ್ಚಿತ್ತು, ಊದಿಕೊಂಡು ಇಳಿದುಹೋಗಿತ್ತು.

ತೊಂಬತ್ತರ ದಶಕದ ಶುರುವಿನಲ್ಲಿ ಒಂದು ಬೇಸಿಗೆ ಮತ್ತೆ ಕಚ್ಚಿತು. ಈ ಸಲ ಸುಣ್ಣ ಕೆಲಸ ಮಾಡಲಿಲ್ಲ. ಮೊದಲು ಅಂಗೈ ಕಡಿತ, ಆಮೇಲೆ ಮೈಯೆಲ್ಲ ದದ್ದು, ತುಟಿ ಊದಿ, ಗಂಟಲನ್ನ ಯಾರೋ ಒಳಗಿನಿಂದ ಹಿಸುಕಿದ ಹಾಗೆ ಆಯಿತು. ಅತ್ತಿಗೆ ಬಾಗಿಲಲ್ಲಿ ನಿಂತು, ಒಂದು ಹುಳ ಕಚ್ಚಿದ್ದಕ್ಕೆ ಇಷ್ಟೊಂದು ಆಟ ಕಟ್ಟೋರನ್ನ ನಾನು ಕಂಡಿಲ್ಲ ಕಣಪ್ಪ ಅಂದರು. ನನ್ನ ಗಂಡ ಮಾತ್ರ ಹೆದರಿ ಆಟೋ ತಂದರು, ಅತ್ತಿಗೆಯೂ ಹತ್ತಿ ಕೂತರು. ಅಲ್ಲೇ ಹತ್ತಿರದ ವಯಸ್ಸಾದ ಡಾಕ್ಟ್ರು ನನ್ನ ಮುಖ ನೋಡಿದ್ದೇ ತಡ, ಸೀರೆ ಸರಿಸಿ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಅಡ್ರಿನಲಿನ್. ಸ್ವಲ್ಪ ಹೊತ್ತಿಗೇ ಗಂಟಲು ಸಡಿಲವಾಗಿ ಉಸಿರು ಒಳಗೆ ಹೋಯಿತು. ಆ ಉಸಿರಿನ ರುಚಿ ನನಗಿನ್ನೂ ನೆನಪಿದೆ.

ಅದರ ಹಿಂದೆಯೇ ನಡುಕ ಶುರುವಾಯಿತು. ಕೈ ಗಡಗಡ, ಎದೆ ಢವಢವ, ಮುಖದಲ್ಲಿ ರಕ್ತ ಇಲ್ಲ, ಯಾವ ಕಾರಣವೂ ಇಲ್ಲದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನೋ ದಿಗಿಲು. ಡಾಕ್ಟ್ರು ನನ್ನ ಗಂಡನನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು ಹೇಳಿದರು. ಇದು ನಮ್ಮ ಮೈಯಲ್ಲೇ ಹುಟ್ಟೋ ರಸ, ಹಾವು ಕಂಡಾಗ ಎದೆ ಹೊಡೆದುಕೊಳ್ಳೋದು ಇದರಿಂದಲೇ. ಹೊರಗಿನಿಂದ ಕೊಟ್ಟರೆ ಕುಸಿದ ಬೀಪಿ ಮೇಲೇಳುತ್ತೆ, ಮುಚ್ಚಿದ ಉಸಿರುದಾರಿ ತೆರೆಯುತ್ತೆ, ಊತ ಇಳಿಯುತ್ತೆ. ನಡುಕ ಅದರ ಗುಣ, ತಾನೇ ಹೋಗುತ್ತೆ, ಹೆದರಬೇಡಿ. ಇನ್ನೊಂದು ಸಲ ಕಚ್ಚಿದರೆ ತಡಮಾಡದೆ ಇದನ್ನೇ ಕೊಡಿಸಿ ಅಂತ ಎರಡೆರಡು ಸಲ ಹೇಳಿದರು. ನನ್ನ ಗಂಡ ತಲೆಯಾಡಿಸಿದರು.

ಅತ್ತಿಗೆ ಕೇಳಿಸಿಕೊಂಡಿದ್ದೇ ಬೇರೆ. ಮಾರನೇ ದಿನದಿಂದ ಬೀದಿಗೆಲ್ಲ ಸುದ್ದಿ: ಹುಳ ಕಚ್ಚಿದ್ದೇನೂ ಅಲ್ಲ ಕಣ್ರೀ, ಆ ಇಂಜೆಕ್ಷನ್ ರಿಯಾಕ್ಷನ್ ಆಗಿ ನಮ್ಮ ಹುಡುಗಿ ಸತ್ತೇ ಹೋಗ್ತಿದ್ಲು, ಕೈಕಾಲೆಲ್ಲ ಅದುರಿಬಿಡ್ತು, ನಾನು ಬೆಟ್ಟದ ತಾಯಿಗೆ ಹರಕೆ ಹೊತ್ತಿದ್ದಕ್ಕೆ ಉಳಿದ್ಲು. ಆ ಹರಕೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲನ್ನ ನನ್ನ ಕೈಲೇ ಹತ್ತಿಸಿದರು. ಅವರು ಬಸ್ಸಿನಲ್ಲಿ ಬಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ. ನಾನು ತಿದ್ದೋಕೆ ಹೋದರೆ, ನಿನಗೇನು ಗೊತ್ತಿತ್ತು, ಪ್ರಜ್ಞೆ ಇತ್ತಾ ನಿನಗೆ ಅನ್ನೋರು. ಗಂಡನಿಗೆ ಹೇಳಿದರೆ, ಹೋಗ್ಲಿ ಬಿಡು, ಅಕ್ಕಂಗೆ ಹೇಳಿ ಗೆಲ್ಲೋಕಾಗುತ್ತಾ ಅನ್ನೋರು. ಬಸವನ ಹಿಂದೆ ಬಾಲ. ಊರಿಗೆಲ್ಲ ಸುಳ್ಳು ಹೇಳಿಕೊಂಡರೆ ನನ್ನ ಗಂಟೇನು ಹೋಗುತ್ತೆ ಅಂತ ನಾನೂ ಬಿಟ್ಟೆ.

ಕೆಲವು ವರ್ಷ ಕಳೆದ ಮೇಲೆ ಒಂದು ಭಾನುವಾರ ತಾರಸಿಯಲ್ಲಿ ಬಟ್ಟೆ ಒಣಗಿಹಾಕುವಾಗ ಕಡಜ ಕತ್ತಿಗೇ ಕಚ್ಚಿತು. ಆಟೋದಲ್ಲೇ ನಾಲಿಗೆ ದಪ್ಪವಾಗಿ ಮಾತು ನಿಂತುಹೋಯಿತು. ನಮ್ಮ ಡಾಕ್ಟ್ರ ಬಾಗಿಲಿಗೆ ಬೀಗ. ಗಂಡ, ಅತ್ತಿಗೆ ಇಬ್ಬರೂ ಸೇರಿ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿದ್ದವನು ಚಿಕ್ಕ ವಯಸ್ಸಿನ ಡಾಕ್ಟ್ರು. ನೋಡಿದ ತಕ್ಷಣ ಅವನಿಗೂ ತಿಳಿಯಿತು, ನರ್ಸಿಗೆ ಅಡ್ರಿನಲಿನ್ ತುಂಬೋಕೆ ಹೇಳಿದ. ತುಂಬುತ್ತಿರುವಾಗಲೇ, ಯಾವುದಾದರೂ ಔಷಧಿ ಅಲರ್ಜಿ ಇದೆಯಾ ಅಂತ ಎಲ್ಲರೂ ಕೇಳೋ ಪ್ರಶ್ನೆ ಕೇಳಿದ.

"ಅದೇ ಇಂಜೆಕ್ಷನ್ನು ಡಾಕ್ಟ್ರೇ," ಅಂದರು ಅತ್ತಿಗೆ. "ಅಡ್ರಿನಲಿನ್ನು ಅವಳಿಗೆ ಆಗಲ್ಲ. ಹೋದ ಸಲ ಅದರಿಂದಲೇ ಸಾಯ್ತಿದ್ಲು."

ಅಯ್ಯೋ, ಬೇರೆ ಯಾವ ಔಷಧಿ ಹೆಸರೂ ಬಾಯಲ್ಲಿ ಹೊರಳದ ಹೆಂಗಸಿಗೆ ಅದೊಂದು ಮಾತ್ರ ಎಷ್ಟು ಸ್ಪಷ್ಟವಾಗಿ ಬಂತು! ಸಿರಿಂಜಿಗೆ ಚಾಚಿದ್ದ ಡಾಕ್ಟ್ರ ಕೈ ನಿಂತಿತು. ನನಗೆ ಎಲ್ಲ ಕೇಳಿಸುತ್ತಿದೆ, ಮಾತಿಲ್ಲ. ಅವನು ನನ್ನ ಗಂಡನ ಕಡೆ ತಿರುಗಿ, ನಿಜವಾ ಸಾರ್ ಅಂತ ಕೇಳಿದ. ನನ್ನ ಗಂಡ ಅಕ್ಕನ ಮುಖ ನೋಡಿದರು. ಆಮೇಲೆ ನೆಲ ನೋಡಿದರು. ಅಷ್ಟೇ.

ನಾನು ಸೀರೆ ಎಳೆದು ತೊಡೆವರೆಗೆ ಎತ್ತಿದೆ. ಅಷ್ಟು ಜನರ ಮುಂದೆ, ಬಾಗಿಲಲ್ಲಿ ಆಟೋದವನೂ ನಿಂತಿದ್ದಾನೆ. ಹೋದ ಸಲ ಚುಚ್ಚಿದ ಜಾಗವನ್ನ ಅಂಗೈಯಿಂದ ಪಟಪಟ ಬಡಿದು ತೋರಿಸಿದೆ. ಅತ್ತಿಗೆ, ಮಾನಗೆಟ್ಟವಳೇ ಅಂತ ಸೀರೆ ಕೆಳಗೆಳೆದರು. ನಾನು ಮತ್ತೆ ಎತ್ತಿದೆ. ಅವರು ಮತ್ತೆ ಎಳೆದರು. ಕಾಲಲ್ಲಿ ಒದ್ದೆ, ಅವರ ಹೊಟ್ಟೆಗೇ ಬಿತ್ತು. ಅದಕ್ಕೆ ನನಗೆ ಇವತ್ತಿಗೂ ಒಂದು ಚೂರೂ ಬೇಜಾರಿಲ್ಲ.

ಡಾಕ್ಟ್ರು ಅತ್ತಿಗೆಯನ್ನ ಒಂದೇ ಮಾತು ಕೇಳಿದ. "ಹೋದ ಸಲ ಚುಚ್ಚಿದ ಮೇಲೆ ಉಸಿರು ಸರಿಹೋಯ್ತಾ, ನಿಂತುಹೋಯ್ತಾ?"

ಉಸಿರೇನೋ ಬಂತು, ಆದರೆ ಕೈಕಾಲು ಅಂತ ಅವರು ರಾಗ ಎಳೆಯುವಷ್ಟರಲ್ಲಿ ಅವನು ಚುಚ್ಚಿಬಿಟ್ಟಿದ್ದ.

ಮೊದಲ ಉಸಿರು, ಅದರ ಹಿಂದೆ ಅದೇ ನಡುಕ, ಅದೇ ಢವಢವ. ನೋಡಿದ್ರಾ, ನಾನು ಹೇಳಲಿಲ್ವಾ ಅಂತ ಅತ್ತಿಗೆ ಗೆದ್ದವರ ಹಾಗೆ ನರ್ಸಿಗೆ ಹೇಳುತ್ತಿದ್ದರು. ಡಾಕ್ಟ್ರು ಅವರನ್ನ ಹೊರಗೆ ಕಳಿಸಿದ.

ಸಾಯಂಕಾಲ ನಾಲಿಗೆ ತೆಳ್ಳಗಾದ ಮೇಲೆ ಗಂಡನನ್ನ ಕೇಳಿದೆ. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದರು.

"ನಿಮಗೆ ಗೊತ್ತಿತ್ತಲ್ಲ ರೀ. ಯಾಕೆ ಸುಮ್ಮನಿದ್ರಿ?"

"ಅಕ್ಕ ಮಾತಾಡ್ತಿದ್ರಲ್ಲ," ಅಂದರು. ಇನ್ನೊಂದು ತೊಳೆ ಬಿಡಿಸಿ ನನ್ನ ಕಡೆ ಚಾಚಿದರು. ನಾನು ತಗೊಳ್ಳಲಿಲ್ಲ.

ಹೊರಡೋ ದಿನ ಡಾಕ್ಟ್ರು ಬಂದು, ಇದು ಮುಂದೆಯೂ ಆಗಬಹುದಮ್ಮ, ನಿಮಗೆ ಮಾತು ನಿಂತಾಗ ನಿಮ್ಮ ಪರವಾಗಿ ಹೇಳೋಕೆ ಒಬ್ಬರು ಎಲ್ಲ ತಿಳಿದುಕೊಂಡಿರಬೇಕು ಅಂದ. ನನ್ನ ಗಂಡ ಎದ್ದು ಮುಂದೆ ಬಂದು ನಿಂತರು.

"ಇವರಿಗೆ ಬೇಡ ಡಾಕ್ಟ್ರೇ," ಅಂದೆ. "ರಾಜೀವನಗರದಲ್ಲಿ ನನ್ನ ತಂಗಿ ಇದ್ದಾಳೆ. ಅವಳನ್ನ ಕರೆಸ್ತೀನಿ, ಅವಳಿಗೆ ಹೇಳ್ಕೊಡಿ."