ಮೂರನೆಯ ಮೆಟ್ಟಿಲು

ರಾಜರು ಸಿಂಹಾಸನದ ಕಡೆಗೆ ನಡೆಯುವಾಗ ಬೆಳ್ಳಿ ಕೋಲು ಹಿಡಿದು, ಅವರಿಗೆ ಬೆನ್ನು ತೋರಿಸದೆ, ಅವರ ಮುಂದೆ ಹಿಮ್ಮುಖವಾಗಿ ನಡೆಯುವುದು ಕೋಲಿನವರ ಮನೆತನದ ಕೆಲಸ. ಬಾಗಿಲಿನಿಂದ ನಲವತ್ತೆರಡು ಹೆಜ್ಜೆ, ಆಮೇಲೆ ಎರಡು ಮೆಟ್ಟಿಲು. ತಿರುಗಿ ನೋಡುವ ಹಾಗಿಲ್ಲ. ಎಡವಿದರೆ ಕೆಲಸವೂ ಹೋಯಿತು, ಕೆಲಸದ ಜೊತೆ ಕೊಟ್ಟ ಮನೆಯೂ ಹೋಯಿತು.

ಈಗಿನ ಕೋಲಿನವನು ಇಪ್ಪತ್ತಾರು ವರ್ಷ ಎಡವಿರಲಿಲ್ಲ, ಅರಮನೆಯಲ್ಲಿ. ಮನೆಯ ಪಡಸಾಲೆಯಲ್ಲಿ ದಿನಾ ಬೆಳಿಗ್ಗೆ ರೂಢಿ ಮಾಡುವಾಗ ಬಕೆಟ್ಟು, ಬಟ್ಟೆ ಬುಟ್ಟಿ, ಒಮ್ಮೆ ಹೆತ್ತ ತಾಯಿಯನ್ನೂ ಒದ್ದಿದ್ದ. ಎತ್ತಿಡುವ ಕೆಲಸ ಹೆಂಡತಿಯದು.

ದರ್ಬಾರಿಗೆ ನಾಲ್ಕು ದಿನವಿದ್ದಾಗ, ಕಿಟಕಿ ಸರಿಮಾಡಲು ಮನೆಗೆ ಬಂದ ಬಡಗಿ ಸಿಂಹಾಸನದ ಕಟ್ಟೆ ಎತ್ತರಿಸಿ ಇನ್ನೊಂದು ಮೆಟ್ಟಿಲು ಕೂರಿಸಿದ್ದು ತಾನೇ ಎಂದ. ಅದನ್ನು ಅವಳು ಗಂಡನಿಗೆ ಹೇಳಿದರೆ ನಕ್ಕುಬಿಟ್ಟ.

"ನಮ್ಮಪ್ಪ ಹತ್ತಿದ್ದು ಎರಡು, ತಾತ ಹತ್ತಿದ್ದು ಎರಡು. ಬಡಗಿ ಮಾತು ಕೇಳ್ಕೊಂಡು ನಾನು ಮೂರು ಹತ್ಲಾ?"

"ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ ಅಂದ್ರೆ."

ರಾಜರಿಲ್ಲದಾಗ ಕೋಲಿನವರು ಆ ಸಭಾಂಗಣಕ್ಕೆ ಕಾಲಿಡಬಾರದಂತೆ. ಯಾರನ್ನಾದರೂ ಕೇಳಿ ಎಂದರೆ, ಮೆಟ್ಟಿಲೆಷ್ಟು ಎಂದು ಕೋಲಿನವನೇ ಕೇಳಿದರೆ ಜನ ನಗುತ್ತಾರಂತೆ. ಬಿದ್ದರೆ ನಗುವುದಿಲ್ಲವೇ ಎಂದಿದ್ದಕ್ಕೆ ಅರ್ಧ ಊಟಕ್ಕೇ ಎದ್ದ. ಅವಳಿಗೆ ಸಾಕುಸಾಕಾಗಿ ಹೋಯಿತು.

ಮಾರನೆಯ ದಿನ ಅರಮನೆಯ ಕಸ ಗುಡಿಸುವ ಹೆಂಗಸರ ಜೊತೆ ಪೊರಕೆ ಹಿಡಿದು ತಾನೇ ಸಭಾಂಗಣದೊಳಗೆ ಹೋದಳು. ಹೆಜ್ಜೆ ಎಣಿಸಿದಳು, ಮೆಟ್ಟಿಲು ಎಣಿಸಿದಳು. ಮೂರು. ಹೊಸದನ್ನು ಗೇಣು ಹಾಕಿ ಅಳೆದಳು: ಒಂದು ಗೇಣಿಗೆ ಎರಡು ಬೆರಳು ಕಡಿಮೆ. ಮನೆಗೆ ಬಂದು, ಗಂಡ ಸ್ನಾನಕ್ಕೆ ಹೋದಾಗ, ಅವನು ಹತ್ತಿ ರೂಢಿ ಮಾಡುವ ಎರಡು ಮರದ ಮೆಟ್ಟಿಲುಗಳ ಹಿಂದೆ ಅಳತೆಗೆ ಸರಿಯಾಗಿ ಹಲಗೆ ಪೇರಿಸಿ ಇನ್ನೊಂದು ಮಾಡಿದಳು.

ಅವನು ಕೋಲು ಹಿಡಿದ, ಗಂಭೀರವಾಗಿ ಹಿಂದಕ್ಕೆ ನಡೆದ, ಎರಡು ಹತ್ತಿದ. ಹಿಮ್ಮಡಿಗೆ ಹಲಗೆ ತಗುಲಿ ಧೊಪ್ಪನೆ ಅದರ ಮೇಲೇ ಕೂತ.

"ಯಾರೇ ಇದನ್ನ ಇಲ್ಲಿಟ್ಟಿದ್ದು?"

"ಅರಮನೆಯವರು," ಎಂದಳು.

ಅವನು ಸೊಂಟ ಉಜ್ಜಿಕೊಂಡ. ಆಮೇಲೆ ಎದ್ದು ಮೊದಲಿನಿಂದ ನಡೆದ. ಆ ದಿನ ಹನ್ನೊಂದು ಸಲ ಹತ್ತಿದ.

ದರ್ಬಾರಿನಲ್ಲಿ ಕೋಲು ಕೂಡ ಅಲುಗಲಿಲ್ಲ. ಮನೆಗೆ ಬಂದವನೇ, ತನ್ನ ನಂತರ ಕೋಲು ಹಿಡಿಯಬೇಕಾದ ತಮ್ಮನನ್ನು ಕೂರಿಸಿಕೊಂಡು, ಮೆಟ್ಟಿಲು ಹೆಚ್ಚಿದರೆ ನಮ್ಮ ವಂಶದ ಹಿಮ್ಮಡಿಗೆ ತಾನಾಗಿಯೇ ಗೊತ್ತಾಗುತ್ತದೆ ಎಂದು ವರ್ಣಿಸತೊಡಗಿದ. ತಮ್ಮನೋ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅವಳು ಮೈದುನನನ್ನು ಒಳಗೆ ಕರೆದು, ಆ ಹಲಗೆಗಳನ್ನು ಎಣಿಸಿ ಕೈಗಿತ್ತು, ದಿನಾ ಬೆಳಿಗ್ಗೆ ಮೂರು ಹತ್ತಬೇಕೆಂದು ಮೆಲ್ಲಗೆ ಹೇಳಿದಳು.