ದೇವದುರ್ಗದ ಕಾರಿನ ಕೆಂಪು ಗಾಜು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ರಾಯಚೂರಿನ ಒಂದು ಗಲ್ಲಿಯಲ್ಲಿ ಹಲ್ಲಿನ ಸೆಟ್ ಮಾಡುತ್ತಿದ್ದೆ. ಅಂಗಡಿ ಅಪ್ಪನದು. ಅವನ ಕೈ ನಡುಗಲು ಶುರುವಾದ ಮೇಲೆ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಹೆಣ್ಣುಮಗಳು ಹಲ್ಲು ಕಟ್ಟುತ್ತಾಳೆ ಎಂದು ಮೊದಮೊದಲು ಕೆಲವರು ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದರು. ಆಮೇಲಾಮೇಲೆ ರೂಢಿಯಾಯಿತು.

ಒಂದು ಬೇಸಿಗೆಯ ಮಧ್ಯಾಹ್ನ ಎತ್ತರದ ಮುದುಕರೊಬ್ಬರು ಬಂದು ಕರವಸ್ತ್ರದ ಗಂಟೊಂದನ್ನು ಮೇಜಿನ ಮೇಲಿಟ್ಟರು. ಹಳೆಯ ಸೆಟ್ ಇರಬೇಕೆಂದು ಬಿಚ್ಚಿದರೆ ಒಳಗಿದ್ದದ್ದು ಕಾರಿನ ಹಿಂದಿನ ದೀಪದ ಎರಡು ಮುಚ್ಚಳ. ಎಲ್ಲರೂ ಅದನ್ನು ಗಾಜು ಎನ್ನುತ್ತಿದ್ದರು, ಆದರೆ ಅದು ಪ್ಲಾಸ್ಟಿಕ್ಕು. ಬಲಗಡೆಯದು ಇನ್ನೂ ಕೆಂಪಾಗಿತ್ತು. ಎಡಗಡೆಯದು ಬಿಸಿಲಿಗೆ ಬಣ್ಣ ಬಿಟ್ಟು, ಮೈತುಂಬ ಕೂದಲೆಳೆಯ ಬಿರುಕು ಬಿದ್ದು, ಬೇಯಿಸಿದ ಈರುಳ್ಳಿಯಂತಾಗಿತ್ತು.

ಅವರು ದೇವದುರ್ಗದಲ್ಲಿದ್ದ ದನದ ಡಾಕ್ಟರು. ನೌಕರಿಯಿಂದ ನಿವೃತ್ತರಾಗಿದ್ದರೂ ಹಳ್ಳಿಯವರು ಬಿಡುತ್ತಿರಲಿಲ್ಲ. ನಿಜಾಮರ ಕಾಲದ ಅಧಿಕಾರಿಯೊಬ್ಬರ ಮನೆಯಿಂದ ಕೊಂಡ ಕಪ್ಪು ವಿಲಾಯತಿ ಕಾರಿನಲ್ಲಿ ಗೂಗಲ್ ಎಂಬ ಊರಿನ ಹೊಳೆದಂಡೆಯವರೆಗೂ ಹೋಗಿ ಕರು ಹಾಕಿಸಿ ಬರುತ್ತಿದ್ದರು. ಆ ಕಾರಿನ ಸಾಮಾನು ಹೈದರಾಬಾದಿನಲ್ಲೂ ಸಿಗುತ್ತಿರಲಿಲ್ಲ. ಹಲ್ಲಿನ ಸೆಟ್ಟಿನ ವಸಡು ಮಾಡುವ ಪುಡಿಯೂ ಇದೇ ಜಾತಿಯದೆಂದು ಯಾರೋ ಹೇಳಿದ್ದರಂತೆ.

ನಾವು ಬಾಯಿಗೆ ಮಾಡುವವರು, ಮೋಟಾರಿಗಲ್ಲ ಎಂದು ಅಪ್ಪ ಗೊಣಗಿದ. ನನಗೆ ಮಾತ್ರ ಕೈ ತುರಿಸಿತು. ಎರಡೂ ಒಂದೇ ಆಕಾರದವು, ಬಲಗಡೆಯ ಗಾಜಿನಿಂದ ಪ್ಲಾಸ್ಟರ್ ಅಚ್ಚು ತೆಗೆದೆ. ಬಣ್ಣವಿಲ್ಲದ ಪುಡಿ ನಮ್ಮಲ್ಲಿ ಇತ್ತು, ಕೆಂಪಿಗೆ ಏನು ಮಾಡುವುದು ಎಂಬುದೇ ಚಿಂತೆ. ಕೊನೆಗೆ ಗ್ಯಾರೇಜಿನವರ ಓಣಿಗೆ ಹೋಗಿ ಲಾರಿಗಳ ಒಡೆದ ಹಿಂದೀಪದ ಚೂರು ಆರಿಸಿಕೊಂಡೆ. ಮೇಸ್ತ್ರಿ ಒಂದೊಂದೇ ಚೂರು ಎತ್ತಿ ಕೊಡುತ್ತ ಇದು ಯಾವ ಲಾರಿಯದು, ಎಲ್ಲಿ ಗುದ್ದಿತು, ಯಾರು ಹೋದರು ಎಂದು ಹೇಳತೊಡಗಿದ. ಮೂರನೆಯ ಚೂರಿಗೆ ನಾನು ಸಾಕು ಎಂದೆ. ಆ ಚೂರುಗಳನ್ನು ಪುಡಿ ಕಲಸುವ ದ್ರವದಲ್ಲಿ ನೆನೆಹಾಕಿದಾಗ ಕರಗಿ ದಟ್ಟ ಕೆಂಪು ಬಿಟ್ಟವು. ಮೊದಲನೆಯದು ತೀರ ಪೇಲವವಾಗಿ ಕೆಟ್ಟಿತು. ಎರಡನೆಯದು ಸರಿಯಾಗಿ ಬಂತು. ಉಜ್ಜಿ ಹೊಳಪು ಕೊಟ್ಟು ಬಿಸಿಲಿಗೆ ಹಿಡಿದರೆ ನನ್ನ ಅಂಗೈಯೆಲ್ಲ ಕೆಂಪಾಯಿತು.

ಒಂದು ತಿಂಗಳೂ ಆಗಿರಲಿಲ್ಲ, ಡಾಕ್ಟರು ಮತ್ತೆ ಬಂದರು. ಕರವಸ್ತ್ರದಲ್ಲಿ ನಾನು ಮಾಡಿದ ಗಾಜಿನ ಚೂರುಗಳಿದ್ದವು. ಮನೆಯ ಮುಂದೆ ನಿಲ್ಲಿಸಿದ ಕಾರಿಗೆ ಯಾರೋ ಹೊಡೆದಿದ್ದರು. ಮುಂದಿನ ದೀಪಕ್ಕಾಗಲಿ, ಕಿಟಕಿಗಾಗಲಿ ಗೀರು ಕೂಡ ಇರಲಿಲ್ಲ. ಅವರು ಸೂಜಿಮದ್ದು ಕೊಟ್ಟ ಮೇಲೆ ತನ್ನ ಎಮ್ಮೆ ಸತ್ತಿತೆಂದು ಒಬ್ಬ ರೈತ ಬಾಯಿಗೆ ಬಂದಂತೆ ಬೈದು ಹೋಗಿದ್ದನಂತೆ. ಅವನೇ ಇರಬಹುದೇ ಎಂದು ಕೇಳಿದೆ. ಅವರು ಇರಬಹುದು ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅಚ್ಚು ಇಟ್ಟಿದ್ದೆ, ಇನ್ನೊಂದು ಮಾಡಿಕೊಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮೂರನೇ ಸಲ ಬಂದರು. ಈ ಸಲ ಎರಡೂ ಒಡೆದಿದ್ದವು, ಬಲಗಡೆಯ ಬಲ್ಬು ಕೂಡ ಪುಡಿಯಾಗಿತ್ತು. ಮುದುಕ ಮನುಷ್ಯ, ಒಬ್ಬರೇ ಹಳ್ಳಿ ತಿರುಗುವವರು. ಗಾಜಿಗೆ ಹೊಡೆದವನು ನಾಳೆ ಇವರಿಗೇ ಕೈ ಎತ್ತಿದರೆ? ಪೊಲೀಸರಿಗೆ ಹೇಳಿ ಎಂದೆ. ಬೇಡ ಎಂದು ತಲೆಯಾಡಿಸಿದರು. ಆಗ ಮೇಜಿನ ಮೇಲೆ ಮೊದಲು ಕೆಟ್ಟಿದ್ದ ಆ ಪೇಲವ ಗಾಜು ಬಿದ್ದಿತ್ತು. ಅವರು ಅದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದು, ಹೊರಳಿಸಿ ನೋಡಿ, "ಬಣ್ಣ ಇದಕ್ಕ ಚಲೋ ಕುಂತದ ನೋಡವ್ವ, ಇಂಥಾವೇ ಎರಡು ಮಾಡು," ಎಂದರು.

ನಾನು ಅವರ ಕಣ್ಣುಗಳನ್ನು ಸರಿಯಾಗಿ ನೋಡಿದ್ದು ಅವತ್ತೇ. ಎರಡೂ ಪಾಪೆಗಳಲ್ಲಿ ಗಂಜಿಯಂಥ ಬಿಳುಪು ಇತ್ತು.

ಅದಾಗಿ ನಾಲ್ಕು ದಿನಕ್ಕೆ ಅವರ ಹೆಂಡತಿ ಬಂದರು. ದೇವದುರ್ಗದ ಬಸ್ಸಿನಿಂದ ಇಳಿದು, ವಿಳಾಸ ಕೇಳಿಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದ ಸಣ್ಣ ಮೈಯ ಹೆಣ್ಣುಮಗಳು. ಅಪ್ಪ ಊಟಕ್ಕೆ ಹೋಗಿದ್ದ. ಅವರು ನೀರು ಕೂಡ ಮುಟ್ಟಲಿಲ್ಲ.

"ಇನ್ನ ಆ ಗಾಜು ಮಾಡಬ್ಯಾಡವ್ವ. ಒಡ್ಯಾಕಿ ನಾನ," ಎಂದರು.

ಅವರೇ ಮುಂದುವರಿಸಿದರು. ಅಂಗಳದಲ್ಲಿ ಕಟ್ಟಿದ ಆಕಳು ಕಾಣದೆ ಗಂಡ ಕಾರನ್ನು ಅದರ ಮೊಣಕಾಲಿನ ತನಕ ತಂದು ನಿಲ್ಲಿಸಿದ್ದರಂತೆ. ಕಣ್ಣು ತೋರಿಸಿಕೊಳ್ಳಿ ಎಂದರೆ ಆ ದಿನವೆಲ್ಲ ಮಾತು ಬಿಡುತ್ತಿದ್ದರಂತೆ. ಗಾಡಿ ಪೂರಾ ಸರಿ ಇಲ್ಲದೆ ಹೊರಡುವ ಮನುಷ್ಯ ಅಲ್ಲ, ಒಂದು ಸ್ಕ್ರೂ ಸಡಿಲಿದ್ದರೂ ಮನೆಯಲ್ಲೇ ಕೂರುತ್ತಾರೆ, ಅದಕ್ಕೇ ಖಾರ ಅರೆಯುವ ಗುಂಡಿನಿಂದ ಒಡೆಯುತ್ತಿದ್ದೇನೆ ಎಂದರು. ಹೋಗುವಾಗ ನನ್ನ ಕೈ ಹಿಡಿದು, "ನಾ ಬಂದಿದ್ದು ಅವರಿಗೆ ಗೊತ್ತಾಗಬಾರದು," ಎಂದರು. ನಾನು ಮಾತು ಕೊಟ್ಟೆ.

ಡಾಕ್ಟರು ಬಂದಾಗ ಪುಡಿ ಮುಗಿದಿದೆ, ಮುಂಬೈಯಿಂದ ಬರಬೇಕು ಎಂದು ಸುಳ್ಳು ಹೇಳಿದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಅದರ ಮುಂದಿನ ವಾರ ಅವರು ಕಾರನ್ನೇ ತಗೊಂಡು ಬಂದು ಅಂಗಡಿಯ ಮುಂದೆ ನಿಲ್ಲಿಸಿದರು. ಮಾನ್ವಿಯಲ್ಲಿ ಒಂದು ಎಮ್ಮೆಗೆ ಕರು ಅಡ್ಡ ಸಿಕ್ಕಿದೆ, ಕರೆ ಬಂದಿದೆ, ಬೇಕಾದ ಔಷಧಿ ರಾಯಚೂರಿನಲ್ಲೇ ಸಿಗುವುದೆಂದು ಈ ಕಡೆ ಬಂದೆ, ಗಾಜಿಲ್ಲದಿದ್ದರೂ ಹೋಗಲೇಬೇಕು ಎಂದರು. ಹಿಂದೆ ಎಡಗಡೆಯಲ್ಲಿ ಬಲ್ಬು ಒಂದೇ ಬರಿಮೈಯಲ್ಲಿ ಕೂತಿತ್ತು. ಮಾನ್ವಿಯಲ್ಲಿ ನನ್ನ ಅಕ್ಕನ ಮನೆ. ಅವರನ್ನು ಒಬ್ಬರೇ ಕಳಿಸಲು ಧೈರ್ಯ ಬರಲಿಲ್ಲ. ಅಕ್ಕನನ್ನು ನೋಡುವುದಿದೆ ಎಂದು ಹೇಳಿ ಹತ್ತಿ ಕೂತೆ.

ಊರು ದಾಟುವಾಗಲೇ ಹೊತ್ತು ಇಳಿದಿತ್ತು. ಎರಡೂ ಬದಿಗೆ ಕಪ್ಪು ಹೊಲ, ಹತ್ತಿ ಗಿಡ. ನಮ್ಮ ಮುಂದೆ ಒಂದು ಬಸ್ಸಿತ್ತು. ಅದರ ಹಿಂದಿನ ದೀಪ ಹತ್ತಿದ ಮೇಲೆ ಡಾಕ್ಟರು ಮಾತು ನಿಲ್ಲಿಸಿದರು. ಬಸ್ಸು ಸರಿದ ಕಡೆ ಸರಿದರು, ಅದು ನಿಧಾನಿಸಿದಲ್ಲಿ ನಿಧಾನಿಸಿದರು. ಅವರು ರಸ್ತೆ ನೋಡಿ ನಡೆಸುತ್ತಿಲ್ಲ, ಆ ದೀಪ ಹಿಡಿದು ನಡೆಸುತ್ತಿದ್ದಾರೆ ಎಂಬುದು ನನಗೆ ಗೊತ್ತಾಯಿತು. ಮಾತಾಡಿದರೆ ಅದೂ ತಪ್ಪೀತೆಂದು ನಾನೂ ಆ ದೀಪವನ್ನೇ ನೋಡುತ್ತ ಕೂತೆ. ಕಲ್ಲೂರು ಇನ್ನೂ ಎರಡು ಮೈಲಿ ಇರುವಾಗ ಬಸ್ಸು ಜನರನ್ನು ಇಳಿಸಲು ಬದಿಗೆ ನಿಂತಿತು. ಡಾಕ್ಟರು ಅರೆಗಳಿಗೆ ತಡೆದು, ಅದನ್ನು ದಾಟಿ ಮುಂದೆ ಹೋದರು. ಈಗ ನಮ್ಮ ಮುಂದೆ ಏನೂ ಇರಲಿಲ್ಲ.

ಏನೂ ಇಲ್ಲ ಎಂದುಕೊಂಡಿದ್ದು ನಾನು. ಹತ್ತಿ ಇಳಿಸಿ ಊರಿಗೆ ಮರಳುತ್ತಿದ್ದ ಎತ್ತಿನ ಗಾಡಿಯೊಂದು ದೀಪವಿಲ್ಲದೆ ರಸ್ತೆಯ ನಡುವೆ ಹೋಗುತ್ತಿತ್ತು. ಅದರ ಹಿಂಬದಿಯ ಹಲಗೆ ನಮ್ಮ ಬೆಳಕಿಗೆ ಬಂದರೂ ಡಾಕ್ಟರ ಕಾಲು ಬ್ರೇಕಿಗೆ ಹೋಗಲಿಲ್ಲ.

"ಗಾಡಿ ಅದ, ನಿಲ್ಲಸ್ರಿ," ಎಂದು ಅವರ ತೋಳು ಎಳೆದೆ.

ಕಾರು ಕಿರುಗುಟ್ಟುತ್ತ ಮೊಳದಷ್ಟು ದೂರದಲ್ಲಿ ನಿಂತಿತು. ಸದ್ದಿಗೆ ಎತ್ತುಗಳು ಬೆದರಿ ಗಾಡಿಯನ್ನು ರಸ್ತೆಯಿಂದ ಕೆಳಗೆ ಹೊಲಕ್ಕೆ ಎಳೆದುಕೊಂಡು ಹೋದವು. ಮಲಗಿದ್ದ ಗಾಡಿಯವನು ಎದ್ದು ಹಗ್ಗ ಹಿಡಿದ. ಡಾಕ್ಟರು ಮೊದಲು ಇಳಿದದ್ದು ಎತ್ತುಗಳಿಗಾಗಿ. ತಡವರಿಸುತ್ತ ಇಳಿಜಾರು ಇಳಿದು, ಒಂದೊಂದರ ಕಾಲನ್ನು ಗೊರಸಿನವರೆಗೆ ಸವರಿ ನೋಡಿದರು. ಆ ಕೈಗೆ ಕಣ್ಣು ಬೇಕಿರಲಿಲ್ಲ. ಕಾರಿನಲ್ಲಿ ಒಬ್ಬಳೇ ಕೂರಲಾಗದೆ ನಾನೂ ಇಳಿದು ಅವರ ಹಿಂದೆ ಹೋದೆ.

ಹತ್ತು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಲಾರಿ ಬಂತು. ಬೆಳಕು ನಮ್ಮ ಮೈಮೇಲೆ ಹಾದುಹೋಯಿತು, ಆಮೇಲೆ ಸದ್ದು. ಕಾರು ಮುಂದಕ್ಕೆ ಹಾರಿ, ಅಡ್ಡ ತಿರುಗಿ, ತಗ್ಗಿನಲ್ಲಿ ಮೂಗು ಊರಿತು. ಅದರ ಹಿಂದಿನ ಸೀಟು ಮುಂದಿನ ಸೀಟಿಗೆ ಬಂದು ಕೂತಿತ್ತು. ನಾನು ಕೂತಿದ್ದ ಜಾಗವೇ ಇರಲಿಲ್ಲ.

ಲಾರಿಯ ಡ್ರೈವರ್ ಬೆವರುತ್ತ ಇಳಿದ. ಬಿಳಿ ದೀಪ ಒಂದೇ ಕಂಡಿತು, ಮೋಟಾರ್ ಸೈಕಲ್ಲು ಎದುರಿಗೆ ಬರುತ್ತಿದೆ, ತಾನೇ ಬದಿಗೆ ಸರಿಯುತ್ತದೆ ಎಂದುಕೊಂಡೆ ಎಂದು ಎಲ್ಲರಿಗೂ ಮತ್ತೆ ಮತ್ತೆ ಹೇಳಿದ. ಕೆಂಪು ಇರಲಿಲ್ಲ ಎಂದ. ಆ ಮಾತು ನನಗೇ ಹೇಳಿದಂತಾಯಿತು. ಅಚ್ಚು ಅಂಗಡಿಯಲ್ಲಿತ್ತು, ಪುಡಿಯೂ ಇತ್ತು.

ಕಲ್ಲೂರಿನ ತನಕ ಗಾಡಿಯವನೇ ನಮ್ಮನ್ನು ಕರೆದುಕೊಂಡು ಹೋದ. ಹತ್ತಿಯ ಎಳೆ ಉಳಿದಿದ್ದ ಬರಿ ಹಲಗೆಯ ಮೇಲೆ ಕೂತು ಹಿಂದಿನಿಂದ ಬರುವ ಪ್ರತಿ ಬೆಳಕನ್ನೂ ನಾನು ನೋಡುತ್ತಿದ್ದೆ. ಮಾತು ಕೊಟ್ಟಿದ್ದೇನೋ ನಿಜ, ಆದರೆ ಇನ್ನು ಮುಚ್ಚಿಡಲು ಆಗಲಿಲ್ಲ. ಪುಡಿ ಮುಗಿದಿರಲಿಲ್ಲ ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಒಡ್ಯಾಕಿ ಯಾರು ಅಂತ ನನಗ ಗೊತ್ತದ ಬಿಡವ್ವ. ಮೊದಲನೇ ಸಲಕ್ಕ ಗೊತ್ತಾತು. ಆಕಿ ಒಡ್ಯಾಕಿ, ನಾ ಮಾಡಿಸಾಂವ. ಹಿಂಗ ನಡದ್ರ ಕಣ್ಣಿನ ಮಾತು ಇಬ್ಬರೂ ಆಡೂದು ತಪ್ಪತದ ಅಂತ ಮಾಡಿದ್ನಿ."

ಆಮೇಲೆ ನನ್ನ ಕಡೆ ತಿರುಗದೆಯೇ, "ನೀ ಕಾರಿನಾಗ ಇದ್ದಿದ್ರ?" ಎಂದರು. ಕಲ್ಲೂರಿನಿಂದ ಮಾನ್ವಿಗೆ ಇನ್ನೊಬ್ಬರ ಜೀಪು ಸಿಕ್ಕಿತು. ನಾವು ಮುಟ್ಟುವಷ್ಟರಲ್ಲಿ ಎಮ್ಮೆ ಸತ್ತಿತ್ತು. ಡಾಕ್ಟರು ಅದರ ಪಕ್ಕ ಕೂತು ಹೊಟ್ಟೆಯ ಮೇಲೆ ಕೈಯಿಟ್ಟರು. ಬಹಳ ಹೊತ್ತು ಏಳಲಿಲ್ಲ.

ಆ ಚಳಿಗಾಲದಲ್ಲಿ ಅವರ ಹೆಂಡತಿಯೇ ಮುಂದೆ ನಿಂತು ಕಣ್ಣಿನ ಆಪರೇಷನ್ ಮಾಡಿಸಿದರು. ಒಂದು ಕಣ್ಣಿಗೆ ನೋಟ ಬಂತು, ಇನ್ನೊಂದಕ್ಕೆ ತಡವಾಗಿತ್ತು. ಕಾರನ್ನು ಗುಜರಿಯವರು ತುಂಡು ಮಾಡಿ ಒಯ್ದರು. ಎಂಬತ್ತರ ದಶಕದ ನಡುವೆ ಡಾಕ್ಟರು ತೀರಿಕೊಳ್ಳುವವರೆಗೂ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದು ಅವರನ್ನು ಕರೆದೊಯ್ಯುತ್ತಿದ್ದರಂತೆ, ಪಕ್ಕದಲ್ಲಿ ಹೆಂಡತಿಯೂ ಹೋಗುತ್ತಿದ್ದರಂತೆ. ನಾನು ಅವರ ಮನೆಗೆ ಒಮ್ಮೆಯೂ ಹೋಗಲಿಲ್ಲ. ಎರಡು ಸಲ ದೇವದುರ್ಗದ ಬಸ್ಸು ಹತ್ತಿ, ಹೊರಡುವ ಮೊದಲೇ ಇಳಿದುಬಿಟ್ಟೆ.